ಕರುಳಿನ ಪ್ರತಿರೂಪ

ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಔಷಧದ್ರವ್ಯಗಳನ್ನು ತಯಾರಿಸುವ ಕಾರ್ಖಾನೆಗಳಿವೆ. ಔಷಧವು ಎಲ್ಲಿಯೇ ಸಿದ್ಧವಾಗಲಿ, ನುಂಗಿದುದೆಲ್ಲವೂ ರಕ್ತವನ್ನು ಸೇರುವುದಿಲ್ಲ. ಸಣ್ಣ ಕರುಳಿನ ಗೋಡೆಯು ಹೆಬ್ಬಾಗಿಲೂ ಹೌದು, ಸುಂಕದ ಕಟ್ಟೆಯೂ ಹೌದು. ಅಲ್ಲಿಯ ಕಿಣ್ವಗಳು ಕೆಲವು ಔಷಧಗಳ ಒಂದಂಶವನ್ನು ವಿಭಜಿಸಿಬಿಡುತ್ತವೆ. ರಕ್ತದೊತ್ತಡಕ್ಕೆ ಕೊಡುವ ಫೆಲೋಡಿಪಿನ್ ಕರುಳನ್ನೂ ಯಕೃತ್ತನ್ನೂ ದಾಟಿ ಉಳಿಯುವುದು ಸುಮಾರು ಶೇಕಡ 15 ಮಾತ್ರ. ಈ ಲೆಕ್ಕ ತಪ್ಪಿದರೆ ರೋಗ ನೀಗದು. ಇಲ್ಲವೆ ಔಷಧವೇ ವಿಷವಾದೀತು.

ಇದನ್ನು ಮೊದಲೇ ಅರಿಯಲು ವಿಜ್ಞಾನಿಗಳು ಕರುಳಿನ ಪ್ರತಿರೂಪಗಳನ್ನು ರಚಿಸಿದ್ದಾರೆ. ಮಾನವನ ದೊಡ್ಡ ಕರುಳಿನ ಅರ್ಬುದದಿಂದ ಪಡೆದ ಕ್ಯಾಕೊ-2 ಜೀವಕೋಶಗಳು ಪ್ರಯೋಗಾಲಯದಲ್ಲಿ ಸುಮಾರು 21 ದಿನಗಳಲ್ಲಿ ಸಣ್ಣ ಕರುಳಿನ ಒಳಪದರದಂತೆ ಬೆಳೆಯುತ್ತವೆ. ಔಷಧವು ಆ ಪದರವನ್ನು ದಾಟುವ ವೇಗವನ್ನು ಅಳೆಯಬಹುದು. ಆದರೆ ಇವುಗಳಲ್ಲಿ ಸುಂಕ ವಸೂಲಿಯ ಮುಖ್ಯ ಕಿಣ್ವವು ಅತ್ಯಲ್ಪ. ಆ ಕೊರತೆಯನ್ನು ತುಂಬಲು ಗಣಕಯಂತ್ರವು ದಾಟುವ ವೇಗ, ಕಿಣ್ವದ ಪ್ರಮಾಣ, ರಕ್ತಸಂಚಾರಗಳನ್ನು ಸಮೀಕರಣಗಳಲ್ಲಿ ಜೋಡಿಸಿ ಫಲವನ್ನು ಅಂದಾಜು ಮಾಡುತ್ತದೆ. ಪ್ರತಿರೂಪವು ದಾರಿ ತೋರೀತು. ಅಂತಿಮ ನಿರ್ಣಯವು ಮಾನವದೇಹದ ಪರೀಕ್ಷೆಯದೇ.