ಕನ್ನಡ ಕೀಲಿಮಣೆಯ ಕದಲದ ಕಡತ

ಸವದತ್ತಿ ತಾಲ್ಲೂಕಿನ ಚಚಡಿಯ ಶಾಲೆಯೊಂದರಲ್ಲಿ ಲಿನಕ್ಸ್ ಕಂಪ್ಯೂಟರುಗಳ ಲ್ಯಾಬ್ ಇದೆ ಎಂದಿಟ್ಟುಕೊಳ್ಳಿ. ಕನ್ನಡ ತಂತ್ರಾಂಶವನ್ನು ಒಂದೇ ಸರ್ವರಿನಲ್ಲಿಟ್ಟು ಎಲ್ಲ ಕಂಪ್ಯೂಟರುಗಳಿಂದ ಬಳಸಿದರೆ, ಹೊಸ ಆವೃತ್ತಿ ಬಂದಾಗ ಒಂದು ಕಡೆ ಬದಲಿಸಿದರೆ ಸಾಕು. ಆದರೆ ಒಂದು ಪ್ಯಾಕೇಜಿನೊಳಗಿನ ಕಡತಗಳೆಲ್ಲ ಒಂದೇ ಬಗೆಯವಲ್ಲ. ಗುಬ್ಬಿ, ನವಿಲು ಫಾಂಟುಗಳನ್ನು ಬಳಕೆದಾರರ ಸ್ವಂತ ಫೋಲ್ಡರಿನಲ್ಲಿಟ್ಟರೂ ಅಕ್ಷರ ಮೂಡುತ್ತದೆ. ಕನ್ನಡ ಗಣಕ ಪರಿಷತ್ತಿನ ವಿನ್ಯಾಸದ ಕೀಲಿ ನಕ್ಷೆಯೂ ಹಾಗೆಯೇ. ಐಬಸ್‌ನ ಮಾತು ಬೇರೆ. ನಾವು ಒತ್ತಿದ ಕೀಲಿಯನ್ನು ಭಾಷೆಯ ಅಕ್ಷರವಾಗಿಸುವ ವ್ಯವಸ್ಥೆ ಅದು. ಯಾವ ಭಾಷೆಯ ಪ್ರೋಗ್ರಾಮ್ ಎಲ್ಲಿದೆ ಎಂದು ತಿಳಿಯಲು ಅದು ಸಾಮಾನ್ಯವಾಗಿ ಯುಎಸ್‌ಆರ್ ಫೋಲ್ಡರಿನೊಳಗಿನ ಗೊತ್ತಾದ ಜಾಗವನ್ನೇ ನೋಡುತ್ತದೆ. ಅಲ್ಲಿನ ಪುಟ್ಟ ಎಕ್ಸ್‌ಎಂಎಲ್ ಕಡತದಲ್ಲಿ ಪ್ರೋಗ್ರಾಮಿನ ಪೂರ್ತಿ ವಿಳಾಸ ಬರೆದಿರುತ್ತದೆ. ಪ್ರೋಗ್ರಾಮನ್ನು ಬೇರೆಡೆಗೆ ಸರಿಸಿ ವಿಳಾಸವನ್ನು ಹಾಗೇ ಬಿಟ್ಟರೆ ಮೆನುವಿನಲ್ಲಿ ‘ಕನ್ನಡ’ ಕಾಣುತ್ತದೆ, ಟೈಪ್ ಮಾಡಿದರೆ ಕನ್ನಡ ಬರುವುದಿಲ್ಲ.

ರೆಡ್ ಹ್ಯಾಟ್‌ನಲ್ಲಿ ಹುಟ್ಟಿದ ಆರ್‌ಪಿಎಂ ಎಂಬ ಪ್ಯಾಕೇಜ್ ವ್ಯವಸ್ಥೆಗೆ ಪ್ಯಾಕೇಜನ್ನು ಬೇಕಾದ ಕಡೆ ಅನುಸ್ಥಾಪಿಸುವ ಶಕ್ತಿ ಇದೆ. ಪ್ಯಾಕೇಜ್ ಕಟ್ಟುವವರು ‘ಪ್ರಿಫಿಕ್ಸ್’ ಎಂದು ಗುರುತಿಸಿದ ಫೋಲ್ಡರು ಕದಲಬಹುದು, ಅದರಾಚೆಗಿನ ಕಡತಗಳು ಇದ್ದಲ್ಲೇ ಇರುತ್ತವೆ. ಆದರೆ ಕಡತದೊಳಗೆ ಬರೆದ ವಿಳಾಸವನ್ನು ಆರ್‌ಪಿಎಂ ಮುಟ್ಟುವುದಿಲ್ಲ. ಹಲವರು ಸ್ಕ್ರಿಪ್ಟ್ ಬರೆದು ಆ ವಿಳಾಸವನ್ನೇ ತಿದ್ದಿಬಿಡುತ್ತಾರೆ. ಕೆಲಸ ನಡೆಯುತ್ತದೆ ನಿಜ, ಆದರೆ ಆಮೇಲೆ ಪರಿಶೀಲಿಸಿದಾಗ ಆರ್‌ಪಿಎಂ ಆ ಕಡತ ಬದಲಾಗಿದೆ ಎಂದು ದೂರುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಇದೆ. ಕದಲದ ಕಡತದಲ್ಲಿ ಒಂದು ಕೊಂಡಿಯ ಸ್ಥಿರ ವಿಳಾಸವನ್ನಷ್ಟೇ ಬರೆಯಬೇಕು. ಆ ಕೊಂಡಿ ಪ್ರೋಗ್ರಾಮಿನ ನಿಜವಾದ ಜಾಗವನ್ನು ತೋರಿಸಬೇಕು. ಅನುಸ್ಥಾಪಿಸುವಾಗ ಹೊಸ ಜಾಗದ ಹೆಸರನ್ನು ಆರ್‌ಪಿಎಂ ಸ್ಕ್ರಿಪ್ಟಿಗೆ ಕೊಡುತ್ತದೆ, ಆದ್ದರಿಂದ ಕೊಂಡಿ ಕಟ್ಟುವುದು ಒಂದು ಸಾಲಿನ ಕೆಲಸ. ಪ್ಯಾಕೇಜ್ ತೆಗೆಯುವಾಗ ಅದನ್ನು ಅಳಿಸಲು ಇನ್ನೊಂದು ಸಾಲು ಬೇಕು, ಮರೆಯುವುದು ಇದನ್ನೇ.

ಕದಲದ ಕಡತವನ್ನು ಇಡಲು ಹೇಗೂ ಅಡ್ಮಿನ್ ಪಾಸ್‌ವರ್ಡ್ ಬೇಕಲ್ಲ, ಎಲ್ಲವನ್ನೂ ಯುಎಸ್‌ಆರ್‌ಗೆ ಸುರಿದರೆ ಏನು ತೊಂದರೆ ಎಂದು ಕೇಳಬಹುದು. ಒಂಟಿ ಕಂಪ್ಯೂಟರಿಗೆ ತೊಂದರೆ ಇಲ್ಲ, ಒಪ್ಪುತ್ತೇನೆ. ಆದರೆ ಹಲವು ಯಂತ್ರಗಳು ಹಂಚಿಕೊಳ್ಳುವ ಕಡತ ಯಾವುದು, ಒಂದೊಂದರಲ್ಲೂ ಪ್ರತ್ಯೇಕವಾಗಿರಬೇಕಾದ್ದು ಯಾವುದು ಎಂಬ ವಿಂಗಡಣೆ ಲಿನಕ್ಸ್ ಫೋಲ್ಡರುಗಳ ಮಾನದಂಡದಲ್ಲೇ ಇದೆ. ಹೊರಗಿನಿಂದ ಬಂದ ತಂತ್ರಾಂಶಕ್ಕೆ ಆಪ್ಟ್ ಫೋಲ್ಡರು, ಅದರ ಸಂರಚನಾ ಕಡತಗಳಿಗೆ ಇಟಿಸಿಯೊಳಗಿನ ಆಪ್ಟ್ ಎಂದು ಅದು ಜಾಗವನ್ನೂ ಗೊತ್ತುಮಾಡಿದೆ. ಒಂದೊಂದು ತಂತ್ರಾಂಶವನ್ನೂ ಪ್ರತ್ಯೇಕವಾಗಿ ಕಟ್ಟಿಕೊಡುವ ಫ್ಲಾಟ್‌ಪ್ಯಾಕ್ ಇರುವಾಗ ಈ ಜಂಜಾಟ ಏಕೆ ಎನ್ನುವವರೂ ಇದ್ದಾರೆ. ಚಿತ್ರ ತಿದ್ದುವ ತಂತ್ರಾಂಶಕ್ಕೆ ಅದು ಸರಿ. ಕೀಲಿಮಣೆ ಬ್ರೌಸರಿಗೂ ಬೇಕು, ಪತ್ರ ಬರೆಯುವ ತಂತ್ರಾಂಶಕ್ಕೂ ಬೇಕು. ಅದು ಇಡೀ ಡೆಸ್ಕ್‌ಟಾಪಿಗೆ ಸೇರಿದ್ದು. ಫ್ಲಾಟ್‌ಪ್ಯಾಕ್ ಕೂಡ ಹೊರಗಿನ ವ್ಯವಸ್ಥೆಯ ಫಾಂಟುಗಳನ್ನೇ ಎರವಲು ಪಡೆಯುತ್ತದೆ. ಕನ್ನಡ ತಂತ್ರಾಂಶ ಕಟ್ಟುವವರು ಕದಲದ ಕಡತಗಳು ಯಾವುವು, ಅವು ಎಲ್ಲಿರುತ್ತವೆ ಎಂಬುದನ್ನು ಪ್ಯಾಕೇಜಿನ ವಿವರಣೆಯಲ್ಲೇ ಬರೆಯಲಿ. ಲ್ಯಾಬ್ ನೋಡಿಕೊಳ್ಳುವ ಮೇಷ್ಟ್ರಿಗೆ ಮೊದಲು ಬೇಕಾದ ಮಾಹಿತಿ ಅದು.