ಕಣಜಕ್ಕೆ ಬಿದ್ದ ಬೀಗ

ಕಣಜದ ತುಂಬ ಜೋಳವಿದ್ದೂ ಮನೆಮಂದಿ ಉಪವಾಸ ಮಲಗುವುದುಂಟೆ ಎಂದು ಯಾರಾದರೂ ಕೇಳಿದರೆ ನಾವು ನಕ್ಕುಬಿಡುತ್ತೇವೆ. ಆದರೆ ಕಣಜಕ್ಕೆ ಬೀಗ ಬಿದ್ದು, ಬೀಗದ ಕೈ ಕಳೆದುಹೋಗಿದ್ದರೆ ಅದೂ ಸಾಧ್ಯವೇ. ಗಿಡಗಳ ಬಾಳಿನಲ್ಲಿ ಇಂಥ ಉಪವಾಸ ಅಪರೂಪವೇನಲ್ಲ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ನಾನು ಗಿಡಗಳ ಆಹಾರದ ಬಗೆಗೆ ಬರೆಯಹೊರಟಿರುವುದನ್ನು ಕಂಡು ವಿಜ್ಞಾನ ಬಲ್ಲ ಮಿತ್ರರು ಮುಗುಳ್ನಗಬಹುದು. ಈ ವಿಷಯದಲ್ಲಿ ನನಗಿರುವ ಅಧಿಕಾರ ನಾನು ಮಾಡಿದ ಒಂದು ತಪ್ಪಿನಿಂದ ಬಂದುದು. ಆದುದರಿಂದ ವಾಚಕರು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ನಮ್ಮದು ಹೂವಿನಹಡಗಲಿಯ ಸೀಮೆ. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಂದ ತುಂಗಭದ್ರೆಯ ಮೇಲೆ ಹಡಗುಗಳಲ್ಲಿ ಹೂವು ಹಂಪೆಗೆ ಹೋಗುತ್ತಿತ್ತೆಂದೂ, ಊರಿಗೆ ಆ ಹೆಸರು ಬಂದುದು ಅದರಿಂದಲೇ ಎಂದೂ ಹಿರಿಯರು ಹೇಳುತ್ತಾರೆ. ಹಡಗಲಿಯ ಮಲ್ಲಿಗೆಗೆ, ಮೈಸೂರು ಮತ್ತು ಉಡುಪಿಯ ಮಲ್ಲಿಗೆಗಳಂತೆಯೇ, ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ನಮ್ಮ ಮನೆಯ ಹಿಂದೆ ಹತ್ತು ಗುಂಟೆ ಮಲ್ಲಿಗೆಯ ತೋಟವುಂಟು. ಅದರ ಆಡಳಿತವೆಲ್ಲ ಅವ್ವನದು. ಬೆಳಗಿನ ಜಾವದಲ್ಲಿ ಅವಳು ಬಿಡಿಸಿ ಮಾರುವ ಮೊಗ್ಗಿನ ಹಣದಿಂದಲೇ ನನ್ನ ಪರೀಕ್ಷೆಯ ಶುಲ್ಕವೂ ತಂಗಿಯ ಪುಸ್ತಕಗಳೂ ಬರಬೇಕು.

ಎರಡು ವರ್ಷಗಳ ಹಿಂದೆ, ಹೂವಿನ ಸುಗ್ಗಿ ಏರುತ್ತಿದ್ದ ಮಾರ್ಚ್ ತಿಂಗಳಿನಲ್ಲಿ, ಚಿಗುರೆಲೆಗಳು ಹಳದಿಗಟ್ಟತೊಡಗಿದವು. ನರಗಳು ಮಾತ್ರ ಹಸಿರು; ನಡುವಿನ ಜಾಗವೆಲ್ಲ ಅರಿಸಿನ ಬಳಿದಂತೆ. ಮೊಗ್ಗುಗಳು ಸಣ್ಣವಾದವು. ರಜೆಗೆ ಊರಿಗೆ ಹೋಗಿದ್ದ ನಾನು ನಾಲ್ಕಕ್ಷರ ಕಲಿತವನ ಧೈರ್ಯದಿಂದ, “ಗಿಡಗಳಿಗೆ ಹಸಿವು, ಗೊಬ್ಬರ ಹೆಚ್ಚಿಸಬೇಕು” ಎಂದು ತೀರ್ಪು ಕೊಟ್ಟೆ. ಅವ್ವ ಶುಲ್ಕಕ್ಕೆಂದು ಕೂಡಿಟ್ಟಿದ್ದ ಹಣದಲ್ಲಿ ಡಿ.ಎ.ಪಿ. ಮತ್ತು ಯೂರಿಯ ಬಂದವು. ಹದಿನೈದು ದಿನಗಳಲ್ಲಿ ಹಳದಿ ಇನ್ನಷ್ಟು ಹರಡಿತು; ಎಲೆಗಳ ಅಂಚು ಸುಟ್ಟಂತಾಯಿತು. ಗೊಬ್ಬರದ ಅಂಗಡಿಯವರು ಇನ್ನೊಂದು ಪೊಟ್ಟಣ ಕೊಟ್ಟರು. ಅದನ್ನೂ ಹಾಕಿದೆ. “ಉಣ್ಣಾಕ ಇಕ್ಕಿದಷ್ಟೂ ಸೊರಗತಾವಲ್ಲಪ್ಪಾ” ಎಂದಳು ಅವ್ವ. ನನ್ನಲ್ಲಿ ಉತ್ತರವಿರಲಿಲ್ಲ.

ಕೊನೆಗೆ ಮಣ್ಣನ್ನು ಪರೀಕ್ಷೆಗೆ ಕಳುಹಿಸಿದೆವು. ವರದಿಯಲ್ಲಿ ಮಣ್ಣಿನ ರಸಸಾರ 8.5 ಎಂದಿತ್ತು, ರಂಜಕ ಅಧಿಕ, ಗಿಡಕ್ಕೆ ಒದಗುವ ಕಬ್ಬಿಣ ಕಡಿಮೆ ಎಂದಿತ್ತು. ಅದನ್ನು ಓದಿ ಹೇಳಿದ ಕೃಷಿ ಅಧಿಕಾರಿಗಳು ನಮ್ಮ ತೋಟದ ಒಂದು ಹಿಡಿ ಮಣ್ಣಿಗೆ ನಿಂಬೆಹಣ್ಣಿನ ರಸ ಹಿಂಡಿದರು. ಮಣ್ಣು ಬುಸುಬುಸು ನೊರೆಯಿತು. “ನಿಮ್ಮ ಮಣ್ಣಿನಲ್ಲಿ ಸುಣ್ಣ ತುಂಬಿದೆ. ಗಿಡಕ್ಕೆ ಕೊಡುವುದಕ್ಕಿಂತ ಮುಂಚೆ, ಇರುವುದನ್ನು ಅದು ತಿನ್ನಲಾರದೇಕೆಂದು ನೋಡಬೇಕಿತ್ತು” ಎಂದರು. ನಾನು ಹೇಳಹೊರಟಿರುವುದೂ ಆ ಒಂದು ಮಾತನ್ನೇ.

ರಸಸಾರವೆಂಬುದು ಆಮ್ಲ ಕ್ಷಾರಗಳ ಅಳತೆ. ಈ ಮಾಪಕವನ್ನು 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ಎಂಬ ವಿಜ್ಞಾನಿ ಬಳಕೆಗೆ ತಂದರು. 7 ಎಂದರೆ ಸಮಸ್ಥಿತಿ. ಅದಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. ಒಂದು ಅಂಕಿಯ ಅಂತರವೆಂದರೆ ಹತ್ತು ಪಟ್ಟು ವ್ಯತ್ಯಾಸ. ಬಹುಪಾಲು ಬೆಳೆಗಳಿಗೆ 6ರಿಂದ 7ರವರೆಗಿನ ಮಣ್ಣು ಹಿತ. ಆ ಮಿತಿಯೊಳಗೆ ಹೆಚ್ಚಿನ ಪೋಷಕಾಂಶಗಳು ನೀರಿನಲ್ಲಿ ಕರಗಿ ಬೇರಿಗೆ ದೊರೆಯುತ್ತವೆ.

ಕಬ್ಬಿಣದ ಕಥೆ ವಿಚಿತ್ರವಾದುದು. ಭೂಮಿಯ ಹೊರಪದರದ ತೂಕದಲ್ಲಿ ನೂರಕ್ಕೆ ಸುಮಾರು 5 ಭಾಗ ಕಬ್ಬಿಣವೇ. ಆದರೂ ಮಣ್ಣು ಕ್ಷಾರವಾದಂತೆ ಅದು ತುಕ್ಕಿನಂಥ ರೂಪ ತಾಳಿ ಕರಗದೆ ಕುಳಿತುಬಿಡುತ್ತದೆ. ರಸಸಾರ ಒಂದು ಅಂಕಿ ಏರಿದರೆ ಅದರ ಕರಗುವಿಕೆ ಸುಮಾರು ಸಾವಿರ ಪಟ್ಟು ಇಳಿಯುತ್ತದೆ. ಗಿಡವೇನೂ ಸುಮ್ಮನಿರುವುದಿಲ್ಲ, ತನ್ನ ಬೇರಿನಿಂದ ಹುಳಿಯನ್ನು ಒಸರಿಸಿ ಕಬ್ಬಿಣವನ್ನು ಕರಗಿಸಲು ಯತ್ನಿಸುತ್ತದೆ. ಆದರೆ ಸುಣ್ಣದ ಮಣ್ಣೂ ಕೊಳವೆ ಬಾವಿಯ ಗಡಸು ನೀರಿನ ಬೈಕಾರ್ಬೊನೇಟೂ ಆ ಹುಳಿಯನ್ನು ಕ್ಷಣದಲ್ಲಿ ನುಂಗಿಬಿಡುತ್ತವೆ. ಇದರ ಮೇಲೆ ನಾನು ಸುರಿದ ರಂಜಕ ಹೆಚ್ಚಾಗಿ, ಕಬ್ಬಿಣ ಸತುವುಗಳು ಗಿಡಕ್ಕೆ ಒದಗದಂತೆ ಇನ್ನಷ್ಟು ಅಡ್ಡಿಯಾಯಿತು. ಗೊಬ್ಬರದ ಉಪ್ಪಿನಂಶ ಬೇರಿನ ಸುತ್ತ ಸೇರಿದ್ದರಿಂದ ಗಿಡಕ್ಕೆ ನೀರೆಳೆಯುವುದೂ ಕಷ್ಟವಾಗಿ ಎಲೆಯ ಅಂಚು ಸುಟ್ಟಿತು. ಒಂದು ಬೀಗವಿದ್ದ ಬಾಗಿಲಿಗೆ ನಾನು ಇನ್ನೆರಡು ಬೀಗ ಜಡಿದಂತಾಯಿತು!

ಹಾಗಾದರೆ ಕೊರತೆ ಯಾವುದರದೆಂದು ತಿಳಿಯುವ ಬಗೆ ಹೇಗೆ? ಮೊದಲು ನೋಡಬೇಕಾದುದು ರೋಗ ಹಳೆಯ ಎಲೆಯಲ್ಲಿ ಮೊದಲಾಯಿತೆ, ಹೊಸ ಎಲೆಯಲ್ಲಿ ಮೊದಲಾಯಿತೆ ಎಂಬುದನ್ನು. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂಗಳು ಗಿಡದೊಳಗೆ ಸಂಚರಿಸಬಲ್ಲವು. ಕೊರತೆಯಾದಾಗ ಗಿಡ ಅವನ್ನು ಹಳೆಯ ಎಲೆಗಳಿಂದ ಹಿಂತೆಗೆದು ಚಿಗುರಿಗೂ ಮೊಗ್ಗಿಗೂ ಕೊಡುತ್ತದೆ. ತಾಯಿ ತಾನುಣ್ಣದೆ ಮಕ್ಕಳಿಗೆ ಬಡಿಸುವಂತೆ! ಆದುದರಿಂದ ಕೆಳಗಿನ ಎಲೆ ಮೊದಲು ಬಾಡುತ್ತದೆ. ಇಡಿಯ ಎಲೆ ಹಳದಿಯಾದರೆ ಸಾರಜನಕವನ್ನೂ, ಅಂಚು ಸುಟ್ಟರೆ ಪೊಟ್ಯಾಷನ್ನೂ, ನರ ಹಸಿರಾಗಿದ್ದು ನಡು ಹಳದಿಯಾದರೆ ಮೆಗ್ನೀಷಿಯಮನ್ನೂ ಶಂಕಿಸಬೇಕು. ಕಬ್ಬಿಣ ಮತ್ತು ಸುಣ್ಣಸತ್ವಗಳು ಹಾಗೆ ಸುಲಭವಾಗಿ ಸಂಚರಿಸವು. ಅವುಗಳ ಕೊರತೆ ಚಿಗುರಿನಲ್ಲೇ ತೋರುತ್ತದೆ. ನಮ್ಮ ಮಲ್ಲಿಗೆ ತನ್ನ ರೋಗವನ್ನು ಮೊದಲ ದಿನವೇ ಬರೆದು ತೋರಿಸಿತ್ತು. ಓದಲು ಬಾರದವನು ನಾನು. ಆದರೂ ಕಣ್ಣಂದಾಜು ಶಂಕೆಗೆ ಮಾತ್ರ ಸಾಕು. ನಿರ್ಣಯಕ್ಕೆ ಮಣ್ಣು ಮತ್ತು ನೀರು ಎರಡರ ಪರೀಕ್ಷೆಯೂ ಬೇಕು.

ಚಿಕಿತ್ಸೆ ಹೀಗೆ ನಡೆಯಿತು. ಮೊದಲನೆಯದಾಗಿ, ಗೊಬ್ಬರ ಹಾಕುವುದನ್ನು ನಿಲ್ಲಿಸಿದೆವು. ಎರಡನೆಯದಾಗಿ, ಬೇರಿನ ದಾರಿ ಮುಚ್ಚಿರುವುದರಿಂದ ಎಲೆಯ ಮೂಲಕ ಉಣಿಸಿದೆವು. ಒಂದು ಲೀಟರು ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ನಿಂಬೆ ಉಪ್ಪು. ಈ ನಿಂಬೆ ಉಪ್ಪು ಇಲ್ಲದಿದ್ದರೆ ಗಡಸು ನೀರಿನಲ್ಲಿ ಕಬ್ಬಿಣ ಕಂದುಬಣ್ಣದ ಗಸಿಯಾಗಿ ತಳಕ್ಕಿಳಿಯುತ್ತದೆ. ಮೊಗ್ಗು ಬಿಡಿಸಿ ಮುಗಿದ ಮೇಲೆ, ಬಿಸಿಲಿಳಿದ ಸಂಜೆಯಲ್ಲೇ ಸಿಂಪಡಿಸಬೇಕು. ಇಲ್ಲವಾದರೆ ಎಲೆ ಸುಡುತ್ತದೆ, ಹೂವಿಗೆ ಕಲೆ ಬೀಳುತ್ತದೆ. ಎಲೆಗೆ ಕಬ್ಬಿಣದ ನೀರು ಹಚ್ಚಿದರೆ ಹಸಿರು ಮರಳುವುದೆಂದು ಫ್ರಾನ್ಸಿನ ಯೂಸೆಬ್ ಗ್ರಿಸ್ 1840ರ ದಶಕದಲ್ಲೇ ತೋರಿಸಿದ್ದರಂತೆ! ಮೂರನೆಯದಾಗಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಬುಡಕ್ಕೆ ಕೊಟ್ಟೆವು. ಅದು ಕಳಿಯುವಾಗ ಹುಟ್ಟುವ ಆಮ್ಲಗಳು ಕಬ್ಬಿಣವನ್ನು ಹಿಡಿದು ಬೇರಿಗೆ ತಲುಪಿಸಲು ನೆರವಾಗುತ್ತವೆ. ಮಳೆಗಾಲ ಬಂದಾಗ ಮಾಳಿಗೆಯ ನೀರನ್ನು ತೊಟ್ಟಿಗೆ ತುಂಬಿಸಿದೆವು. ಮಳೆಯ ನೀರಿನಲ್ಲಿ ಸುಣ್ಣವಿಲ್ಲ. ಬೇರಿನ ಸುತ್ತಲ ಉಪ್ಪನ್ನು ತೊಳೆಯಲೂ ಅದೇ ಮೇಲು.

ಮಣ್ಣಿಗೇ ಕಬ್ಬಿಣ ಕೊಡಬೇಕಾದಲ್ಲಿ ಒಂದು ಎಚ್ಚರಿಕೆ. ಬರಿಯ ಅನ್ನಭೇದಿಯನ್ನು ಸುಣ್ಣದ ಮಣ್ಣಿಗೆ ಸುರಿದರೆ ಅದೂ ಬೀಗದೊಳಗೇ ಸೇರುತ್ತದೆ. ಕಬ್ಬಿಣವನ್ನು ಹಿಡಿದಿಡುವ ಚೀಲೇಟುಗಳಲ್ಲಿ ಸಾಮಾನ್ಯವಾದ ಇ.ಡಿ.ಟಿ.ಎ. ಕ್ಷಾರ ಮಣ್ಣಿನಲ್ಲಿ ನಿಲ್ಲದು, ಇ.ಡಿ.ಡಿ.ಎಚ್.ಎ. ನಿಲ್ಲುತ್ತದೆ, ಆದರೆ ಬೆಲೆ ಹೆಚ್ಚು. ಗಂಧಕ ಹಾಕಿದರೆ ಸೂಕ್ಷ್ಮಜೀವಿಗಳು ಅದನ್ನು ಆಮ್ಲವಾಗಿಸಿ ರಸಸಾರ ಇಳಿಸುತ್ತವೆಂಬುದು ನಿಜ. ಆದರೆ ಅದಕ್ಕೆ ತಿಂಗಳುಗಳು ಬೇಕು. ನೊರೆಯುವಷ್ಟು ಸುಣ್ಣವಿರುವ ನೆಲದಲ್ಲಿ ಬೇಕಾಗುವ ಗಂಧಕ ಬಡವರ ಕೈಗೆ ನಿಲುಕುವುದಲ್ಲ. ಹೂವಿನ ಸುಗ್ಗಿಯ ನಡುವೆ ಅದು ತುರ್ತಿನ ಮದ್ದೂ ಅಲ್ಲ.

ಎರಡನೆಯ ಸಿಂಪರಣೆಯ ಬಳಿಕ ಬಂದ ಚಿಗುರು ಹಸಿರಾಗಿತ್ತು. ಸುಟ್ಟ ಎಲೆಗಳು ಮಾತ್ರ ಹಾಗೆಯೇ ಉಳಿದು ಉದುರಿಹೋದವು. ಅವು ಮರಳಿ ಹಸಿರಾಗುವುದೆಂದು ಕಾಯಬಾರದು, ಗುಣವಾಯಿತೇ ಎಂದು ಹೊಸ ಎಲೆಯಲ್ಲೇ ನೋಡಬೇಕು. ಆ ಸುಗ್ಗಿಯ ಹೂವಂತೂ ಹೋಯಿತು. ನನ್ನ ಶುಲ್ಕಕ್ಕೆ ಅವ್ವ ಮಹಿಳಾ ಸಂಘದಲ್ಲಿ ಸಾಲ ತೆಗೆದಳು. ಮರುವರ್ಷದ ಮೊಗ್ಗು ಮಾರಿ ತೀರಿಸಿದಳು. ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮಿತ್ರರೇ, ನಮ್ಮಲ್ಲಿ ಬಹುಮಂದಿ ಹಳ್ಳಿಗಳಿಂದ ಬಂದವರು. ರಜೆಗೆ ಹೋದಾಗ ಮನೆಯವರು ನಮ್ಮ ಮಾತಿಗೆ ಬೆಲೆ ಕೊಡುತ್ತಾರೆ. ಕಾಲೇಜಿಗೆ ಹೋಗುವ ಮಗ ಹೇಳಿದನೆಂದು ಗಂಟು ಬಿಚ್ಚುತ್ತಾರೆ. ಆ ನಂಬಿಕೆಗೆ ತಕ್ಕಂತೆ, ಇನ್ನೊಂದು ಮೂಟೆ ತರಿಸುವ ಮೊದಲು ಒಂದು ಹಿಡಿ ಮಣ್ಣನ್ನೂ ಒಂದು ಸೀಸೆ ನೀರನ್ನೂ ಪರೀಕ್ಷೆಗೆ ಒಯ್ಯೋಣ. ಈಗ ನಾನು ಊರಿಗೆ ಹೋದರೆ ಅವ್ವ ಚಿಗುರೊಂದನ್ನು ಚಿವುಟಿ ತಂದು ನನ್ನ ಅಂಗೈಯಲ್ಲಿಟ್ಟು, “ಏನಂತೈತಿ ನೋಡು” ಎನ್ನುತ್ತಾಳೆ. ನಾನು ಅದನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಉತ್ತರ ಹೇಳಲು ಮಾತ್ರ ಮೊದಲಿನಷ್ಟು ಅವಸರಪಡುವುದಿಲ್ಲ.