ತಂತಿ ತಿಂದ ಕರೆಂಟು

ಕಳೆದ ಬೇಸಿಗೆಯಲ್ಲಿ ನಮ್ಮ ಪಂಪಿನ ಮೋಟಾರು ಸುಟ್ಟುಹೋಯಿತು. ಅಡಿಕೆ ತೋಟಕ್ಕೆ ಹನ್ನೊಂದು ದಿನ ನೀರಿಲ್ಲ. ಎಳೆ ಸಸಿಗಳು ಬಾಡಿದವು. ನಾನು ಮೋಟಾರನ್ನೇ ಬೈದೆ. ತಪ್ಪು ನನ್ನ ತಂತಿಯದೆಂದು ತಿಳಿದದ್ದು ರಿವೈಂಡಿಂಗಿಗೆ ಹಣ ತೆತ್ತ ಮೇಲೆ.

ಕಾಸರಗೋಡಿನ ನಮ್ಮ ಕಡೆ ಮನೆ ಗುಡ್ಡದ ಮೇಲೆ, ಕೆರೆ ಕೆಳಗೆ ತೋಟದಲ್ಲಿ. ನಡುವಿನ 200 ಮೀಟರಿಗೆ, ಅಗ್ಗವೆಂದು, ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆಸಿದ್ದೆ. ರಿಪೇರಿಯಾದ ಬಳಿಕ ವೈರ್‌ಮನ್ನರು ಪಂಪು ಓಡುತ್ತಿರುವಾಗಲೇ ಅಳೆದರು: ಮನೆಯಲ್ಲಿ 230 ವೋಲ್ಟು, ಕೆರೆಯ ಬಳಿ 190. ಕರೆಂಟು 8 ಆಂಪಿಯರು.

ದಾರಿಯಲ್ಲಿ ಕಳೆದದ್ದು 40 ವೋಲ್ಟು. ಅದನ್ನು ಆಂಪಿಯರಿನಿಂದ ಭಾಗಿಸಿದರೆ ತಂತಿಯ ತಡೆ ಸಿಗುತ್ತದೆ: 40 ÷ 8 = 5 ಓಮು. ಗುಣಿಸಿದರೆ ತಂತಿ ತಿಂದ ಶಕ್ತಿ: 40 × 8 = 320 ವ್ಯಾಟು. ಐದು ಗಂಟೆ ಓಡಿಸಿದರೆ 1.6 ಯೂನಿಟು ಬರೀ ತಂತಿ ಕಾಯಿಸಲಿಕ್ಕೆ! (ಭಾಗಾಕಾರದ ಈ ನಿಯಮವನ್ನು 1827ರಲ್ಲಿ ಪ್ರಕಟಿಸಿದ ಜರ್ಮನಿಯ ಜಾರ್ಜ್ ಓಮರೂ ಶಾಲಾ ಮಾಸ್ತರರಾಗಿದ್ದವರು.) ಮೋಟಾರಿಗೆ ಪವರ್ ಫ್ಯಾಕ್ಟರ್ ಎಂಬುದೊಂದು ಇರುವುದರಿಂದ ಇದು ಅಂದಾಜಿನ ಲೆಕ್ಕ, ನಮ್ಮ ಕೆಲಸಕ್ಕೆ ಸಾಕು.

ಬಿಲ್ಲು ಯಾರೇ ಕಟ್ಟಲಿ, ಸುಡುವ ಮೋಟಾರು ನಮ್ಮದು. ವೋಲ್ಟು ಕುಗ್ಗಿದರೆ ಅದೇ ನೀರೆತ್ತಲು ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ. ಕರೆಂಟು ಇಮ್ಮಡಿಯಾದರೆ ಸುರುಳಿಯ ಕಾವು ನಾಲ್ಮಡಿ.

ಈಗ ನಾಲ್ಕು ಚದರ ಮಿಲಿಮೀಟರಿನ ತಂತಿ ಹಾಕಿಸಿದ್ದೇನೆ. ತಡೆ ಎರಡು ಓಮಿಗೂ ಕಡಿಮೆ. ಕಳೆಯುವುದು ಸುಮಾರು 15 ವೋಲ್ಟು. ಬಾಡಿದ ಸಸಿಗಳಲ್ಲಿ ಆರು ಚಿಗುರಲಿಲ್ಲ.